ಸೊನ್ನೆಗೆ ಸೊನ್ನೆ ಕೂಡಿದರೆ ನೂರು

ವೈವಿಧ್ಯ ಅಧ್ಯಯನ ಸಮಿತಿಯ ಏಳು ಮಂದಿಯನ್ನು ಕತ್ತಲೆಯಲ್ಲಿ ಸಾಲಾಗಿ ನಿಲ್ಲಿಸಿ ಕೆಮ್ಮಿಸಿದ್ದರೆ ಯಾವ ಕೆಮ್ಮು ಯಾರದೆಂದು ಅವರವರ ಹೆಂಡತಿಯರಿಗೂ ಗೊತ್ತಾಗುತ್ತಿರಲಿಲ್ಲ. ಏಳೂ ಜನ ಒಬ್ಬರೇ ಗುರುಗಳ ಶಿಷ್ಯರು. ಗುರುಗಳು ಮಾತಿಗೆ ಮುಂಚೆ ಕೆಮ್ಮುತ್ತಿದ್ದರಂತೆ, ಇವರೂ ಕೆಮ್ಮುತ್ತಿದ್ದರು. ಗುರುಗಳು ಕನ್ನಡಕವನ್ನು ಹಣೆಗೇರಿಸಿ ‘ತಾತ್ವಿಕವಾಗಿ ನೋಡಿದರೆ’ ಎನ್ನುತ್ತಿದ್ದರಂತೆ, ಇವರೂ ಅನ್ನುತ್ತಿದ್ದರು. ಗುರುಗಳು ತೀರಿಕೊಂಡು ಎಷ್ಟೋ ಕಾಲವಾದರೂ ಅವರ ಕೆಮ್ಮು ಮಾತ್ರ ವಿಶ್ವವಿದ್ಯಾಲಯದ ಏಳು ಕೋಣೆಗಳಿಂದ ಕೇಳಿಸುತ್ತಲೇ ಇತ್ತು. ಈ ಏಳು ಜನರನ್ನು ಕೂರಿಸಿ, ವೈವಿಧ್ಯದ ಬಗ್ಗೆ ಸಂಶೋಧನೆ ಮಾಡಿ ಎಂದು ಕುಲಪತಿಗಳು ಹೇಳಿದ್ದರು. ನಗಬೇಡಿ, ಆದೇಶದಲ್ಲಿ ಹಾಗೇ ಇತ್ತು.

ಸಂಗತಿ ಏನೆಂದರೆ, ಹೊರಗಿನಿಂದ ಮೌಲ್ಯಮಾಪನ ತಂಡವೊಂದು ಬರುವುದಿತ್ತು. ಯಾವ ಶಾಸ್ತ್ರವನ್ನು ಯಾರು ಕಲಿಸುತ್ತಾರೆ, ಯಾರು ಸಂಶೋಧನೆ ಮಾಡುತ್ತಾರೆ, ಎಲ್ಲ ಬಗೆಯ ಜನರಿಗೂ ಎಲ್ಲ ವಿಭಾಗದಲ್ಲೂ ಜಾಗವಿದೆಯೋ ಇಲ್ಲವೋ ಎಂದು ಅಧ್ಯಯನ ಮಾಡಿ, ಸಮಿತಿಯ ಪ್ರತಿಯೊಬ್ಬರೂ ಸಹಿ ಹಾಕಿದ ವರದಿಯನ್ನು ತಂಡದ ಕೈಗೆ ಕೊಡಬೇಕಿತ್ತು. ಜೊತೆಗೆ ಒಂದು ಷರತ್ತು, ಸಮಿತಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. ಏಳು ಕೆಮ್ಮುಗಳೂ ಅಲ್ಲಿಗೆ ನಿಂತವು.

ಸಮಿತಿಯ ಅಧ್ಯಕ್ಷರು ಸಂಖ್ಯಾಶಾಸ್ತ್ರದ ಮುಖ್ಯಸ್ಥರು. ಅವರಿಗೆ ‘ಸರಾಸರಿ ಸಾಹೇಬರು’ ಎಂದು ಅಡ್ಡಹೆಸರು. ಮಗಳಿಗೆ ಜ್ವರ ಹೇಗಿದೆ ಸಾರ್ ಎಂದರೆ ಈ ವಾರದ ಸರಾಸರಿ ಹೇಳುವ ಪೈಕಿ. ಅವರು ಮೊದಲು ಹೋದದ್ದು ಭೌತಶಾಸ್ತ್ರದ ಮೇಡಂ ಬಳಿಗೆ. ಆಕೆ ಆ ವಿಭಾಗದ ಏಕಮಾತ್ರ ಹೆಂಗಸು. ಹಾಗಾಗಿ ಕಟ್ಟಡ ಸಮಿತಿ, ಕ್ಯಾಂಟೀನ್ ಸಮಿತಿ, ಕ್ರೀಡಾ ಸಮಿತಿ, ಕೊನೆಗೆ ಬೀದಿನಾಯಿ ನಿಯಂತ್ರಣ ಸಮಿತಿಯಲ್ಲೂ ಮಹಿಳಾ ಪ್ರತಿನಿಧಿ ಆಕೆಯೇ. ವರ್ಷದ ಕೊನೆಗೆ ಸಮಿತಿಗಳಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂದು ಲೆಕ್ಕ ಹಾಕುವಾಗ ಆಕೆಯೊಬ್ಬಳನ್ನೇ ಒಂಬತ್ತು ಸಲ ಎಣಿಸುತ್ತಿದ್ದರು.

“ಹತ್ತನೇ ಸಮಿತಿಗೆ ನಾನು ಬರಲ್ಲ ಸಾರ್. ಬೇಕಾದ್ರೆ ನನ್ನ ಫೋಟೋ ಕಳಿಸ್ತೀನಿ, ಕುರ್ಚಿ ಮೇಲೆ ಇಟ್ಕೊಳ್ಳಿ,” ಎಂದಳು ಆಕೆ.

ಹಾಗೆ ಸರದಿ ಬಂದದ್ದು ಕಳೆ ಮೇಡಂಗೆ. ಸಸ್ಯಶಾಸ್ತ್ರ ವಿಭಾಗದ ಹಿಂದಿನ ಹೊಲದಲ್ಲಿ ಕಳೆಗಿಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು, ಅದಕ್ಕೇ ಆ ಹೆಸರು. ಕಳೆ ಎಂದರೆ ಬೇಡದ ಕಡೆ ಬೆಳೆದ ಗಿಡ. ಗಿಡದ ತಪ್ಪೇನೂ ಇರುವುದಿಲ್ಲ, ಜಾಗ ಬೇರೆಯವರದಾಗಿರುತ್ತದೆ ಅಷ್ಟೇ. ಇದನ್ನು ಅವಳು ಮೊದಲ ತರಗತಿಯಲ್ಲೇ ಹೇಳುತ್ತಿದ್ದಳು. ಹೇಳುವಾಗ ದನಿ ಸ್ವಲ್ಪ ಗಡುಸಾಗುತ್ತಿತ್ತು, ಏಕೆಂದರೆ ಅವಳದೂ ಅದೇ ಪಾಡು. ಇಷ್ಟು ವರ್ಷವಾದರೂ ಗುತ್ತಿಗೆಯ ಕೆಲಸ. ವರ್ಷ ಮುಗಿದ ದಿನ ಪ್ರಯೋಗಾಲಯದ ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಬೇಕು, ಮರುನೇಮಕದ ಆದೇಶ ಬರುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು. ಅಷ್ಟರಲ್ಲಿ ಒಳಗಿನ ತಟ್ಟೆಗಳಲ್ಲಿ ಮೊಳೆತ ಸಸಿಗಳೆಲ್ಲ ನೀರಿಲ್ಲದೆ ಒಣಗಿ ತರಗಾಗಿರುತ್ತಿದ್ದವು. ಮೂರು ವರ್ಷ ಬೇಕಾದ ಪ್ರಯೋಗವನ್ನು ಅವಳು ಪ್ರತಿ ವರ್ಷವೂ ಮೊದಲಿನಿಂದ ಶುರು ಮಾಡುತ್ತಿದ್ದಳು. ಕಾಯಂ ಆಗುವುದು ಎಂದರೆ ಅವಳ ಮಟ್ಟಿಗೆ ಅಧಿಕಾರವೂ ಅಲ್ಲ, ಮರ್ಯಾದೆಯೂ ಅಲ್ಲ. ಒಂದು ಗಿಡ ಬೀಜದಿಂದ ಬೀಜದವರೆಗೆ ಬೆಳೆಯುವುದನ್ನು ಪೂರ್ತಿ ನೋಡುವುದು.

ಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು, ನೇಮಕಾತಿ ಸಮಿತಿಗೂ ಅವರೇ ಅಧ್ಯಕ್ಷರು. “ನಿಮ್ಮ ಕಾಯಂ ಕಡತ ನನ್ನ ಮೇಜಿನ ಮೇಲೇ ಇದೆಯಮ್ಮ,” ಎಂದರು. “ಸಮಿತಿಗೆ ಬನ್ನಿ. ವರದಿಗೆ ನಿಮ್ಮ ಸಹಿ ಬಿದ್ದ ದಿನವೇ ಆ ಕಡತಕ್ಕೆ ನನ್ನ ಸಹಿ.”

ಮೊದಲ ಸಭೆಗೆ ಅವಳು ಹೊಲದಿಂದ ನೇರವಾಗಿ, ಬೂಟಿನ ಮಣ್ಣನ್ನು ಬಾಗಿಲಲ್ಲಿ ಒದರಿ ಒಳಬಂದಾಗ ಸಾಹೇಬರು ಎದ್ದು ನಿಂತು, “ಬನ್ನಿ ಬನ್ನಿ, ಈಗ ನೋಡಿ, ಸಮಿತಿಗೆ ಒಂದು ಕಳೆ ಬಂತು,” ಎಂದು ತಮ್ಮ ಮಾತಿಗೆ ತಾವೇ ಮೆಚ್ಚಿ ನಕ್ಕರು. ಉಳಿದ ಆರು ಜನ ಕೆಮ್ಮಿದರು. ಕೆಮ್ಮೋ ನಗುವೋ ತಿಳಿಯಲಿಲ್ಲ. ಅವಳೂ ನಕ್ಕಳು. ಮುಖದ ಕಳೆಯೂ ಕಳೆಯೇ, ಹೊಲದ ಕಳೆಯೂ ಕಳೆಯೇ, ಸಾಹೇಬರು ಕರೆದದ್ದು ಯಾವುದನ್ನೆಂದು ಮುಂದೆ ಗೊತ್ತಾಗುತ್ತದೆ ಎಂದುಕೊಂಡಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೇನೆಂದು ಸಾಹೇಬರಿಗೂ ಆಗ ಗೊತ್ತಿರಲಿಲ್ಲ.

ಅಧ್ಯಯನ ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಏಳೂ ಜನರಿಗೆ ಒಟ್ಟಿಗೇ ಬೇರೆ ಬೇರೆ ಕೆಲಸಗಳು ನೆನಪಾದವು. ಓಡಾಟವೆಲ್ಲ ಅವಳ ಪಾಲಿಗೆ ಬಂತು. ಸಾಹೇಬರು ಯಾವ ಯಾವ ವಿಭಾಗಕ್ಕೆ ಹೋಗಬೇಕೆಂದು ತಾವೇ ಆರಿಸಿ ಹೇಳಿದರು. ಭಾಷೆಗಳು, ಗ್ರಂಥಾಲಯ ವಿಜ್ಞಾನ, ಮಕ್ಕಳ ಮನೋವಿಜ್ಞಾನ. ಎಲ್ಲಿ ಹೋದರೆ ಕಣ್ಣಿಗೆ ತಂಪೋ ಅಲ್ಲೆಲ್ಲ.

“ಆರಿಸಿ ಹೋಗೋದು ನಮ್ಮಲ್ಲಿ ಇಲ್ಲ ಸಾರ್,” ಎಂದಳು ಅವಳು.

ಕಳೆ ಎಣಿಸುವವರದು ಒಂದು ಕ್ರಮವಿದೆ. ಮೀಟರು ಉದ್ದ, ಮೀಟರು ಅಗಲದ ಒಂದು ಲೋಹದ ಚೌಕಟ್ಟು. ಹೊಲದಲ್ಲಿ ನಿಂತು ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು, ಎಸೆಯುವಾಗ ತಿರುಗಿ ನೋಡಬಾರದು. ನೋಡಿದರೆ ಕಣ್ಣು ತನಗೆ ಬೇಕಾದ ಜಾಗವನ್ನೇ ಹುಡುಕಿಬಿಡುತ್ತದೆ. ಎಲ್ಲಿ ಬಿತ್ತೋ ಅಲ್ಲಿ ಮಂಡಿಯೂರಿ ಕೂತು, ಚೌಕಟ್ಟಿನೊಳಗಿನ ಪ್ರತಿ ಗಿಡವನ್ನೂ ಎಣಿಸಬೇಕು. ಮುಳ್ಳಿದ್ದರೂ ಎಣಿಸಬೇಕು, ಹೆಸರು ಗೊತ್ತಿಲ್ಲದಿದ್ದರೂ ಎಣಿಸಬೇಕು. ಒಂದೇ ಬಗೆಯ ಗಿಡ ತುಂಬಿದ್ದರೆ ವೈವಿಧ್ಯ ಸೊನ್ನೆ. ಬಗೆಬಗೆಯವು ಸರಿಸಮವಾಗಿ ಹಂಚಿಕೊಂಡಿದ್ದರೆ ನೂರು. ಒಮ್ಮೆ ಆ ಚೌಕಟ್ಟು ಹೋಗಿ ಪ್ರಾಂಶುಪಾಲರ ಸ್ಕೂಟರಿನ ಕನ್ನಡಿಗೆ ನೇತುಬಿದ್ದಿತ್ತು. ಆಗಲೂ ಅವಳು ಸ್ಕೂಟರಿನ ಕೆಳಗೆ ತೂರಿಕೊಂಡು ಎಣಿಸಿಯೇ ಎದ್ದವಳು.

ಈಗಲೂ ಅಷ್ಟೇ ಮಾಡಿದಳು. ಆವರಣದ ದೊಡ್ಡ ನಕ್ಷೆಯನ್ನು ನೆಲದ ಮೇಲೆ ಹಾಸಿ, ಅದಕ್ಕೆ ಬೆನ್ನು ಹಾಕಿ ನಿಂತು, ಹಳೆಯ ಕೋಟಿನ ಗುಂಡಿಗಳನ್ನು ಹೆಗಲ ಮೇಲಿಂದ ಎಸೆದಳು. ಗುಂಡಿಗಳು ಟಣಟಣ ಬಿದ್ದವು. ತಿರುಗಿ ನೋಡಿದರೆ ಒಂದು ಯಂತ್ರಶಾಸ್ತ್ರದ ಮೇಲೆ, ಒಂದು ಭೌತಶಾಸ್ತ್ರದ ಮೇಲೆ, ಒಂದು ಸಂಗೀತದ ಮೇಲೆ. ಇನ್ನೊಂದು ಉರುಳಿ ಉರುಳಿ ಹೋಗಿ ಶುಶ್ರೂಷಾ ಕಾಲೇಜಿನ ಮೇಲೆ ಮಲಗಿತು. ಅಲ್ಲಿ ಪಾಠ ಮಾಡುತ್ತಿದ್ದವಳು ಅವಳ ಸ್ವಂತ ಅಕ್ಕ. ಗುಂಡಿಯನ್ನು ಕಾಲಲ್ಲಿ ಸರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಸರಿಸಲಿಲ್ಲ.

ಮುಂಚೆ ತಿಳಿಸಿ ಹೋದರೆ ವಿಭಾಗಗಳು ತಲೆ ಬಾಚಿಕೊಂಡು ಕೂತಿರುತ್ತವೆ. ಅವಳು ಹೇಳದೆ ಕೇಳದೆ, ಚಹಾದ ಹೊತ್ತಿಗೆ ಹೋಗುತ್ತಿದ್ದಳು. ಯಂತ್ರಶಾಸ್ತ್ರದಲ್ಲಿ ಕಣ್ಣಾಡಿಸಿದ ಕಡೆಯೆಲ್ಲ ಗಂಡಸರೇ. ‘ಮಹಿಳೆಯರು’ ಎಂದು ಬರೆದ ಶೌಚಾಲಯದ ಬಾಗಿಲು ತಳ್ಳಿದರೆ ಒಳಗೆ ಸುಟ್ಟುಹೋದ ಮೋಟಾರುಗಳ ರಾಶಿ. “ಹೆಂಗಸರು ಯಾರೂ ಬರಲ್ವಲ್ಲ ಮೇಡಂ, ಜಾಗ ಯಾಕೆ ಸುಮ್ನೆ ಹಾಳಾಗ್ಬೇಕು ಅಂತ,” ಎಂದರು ಅಲ್ಲಿನ ಮುಖ್ಯಸ್ಥರು. “ಶೌಚಾಲಯ ಇಲ್ಲ ಅಂತ ಹೆಂಗಸರು ಬರ್ತಿಲ್ವೋ, ಹೆಂಗಸರು ಬರ್ತಿಲ್ಲ ಅಂತ ಶೌಚಾಲಯ ಇಲ್ವೋ?” ಎಂದು ಅವಳು ಕೇಳಿದ್ದಕ್ಕೆ, ಇದು ಒಳ್ಳೆಯ ಸಂಶೋಧನಾ ಪ್ರಶ್ನೆ ಎಂದು ಮೆಚ್ಚಿಕೊಂಡು ಬಿಸ್ಕತ್ತು ಕೊಟ್ಟರು. ಸಂಗೀತ ವಿಭಾಗದಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು, ನೋಡಿ ಖುಷಿಯಾಯಿತು. ಮಂಡಿಯೂರಿ ನೋಡಿದಾಗ ಹಾಡುವವರೆಲ್ಲ ಹೆಂಗಸರು, ಬಾರಿಸುವವರೆಲ್ಲ ಗಂಡಸರು. ನಡುವೆ ಒಂದು ಕಾರಿಡಾರು. ಭೌತಶಾಸ್ತ್ರದ ಮೇಡಂ ತನ್ನ ಕೋಣೆಯಲ್ಲಿ ಒಂಬತ್ತು ಸಮಿತಿಗಳ ಕಾಗದಗಳ ನಡುವೆ ಮುಳುಗಿದ್ದಳು. “ನಾನು ಭೌತಶಾಸ್ತ್ರ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ಹೆಂಗಸಾಗಿರೋದೇ ಈಗ ನನಗೆ ಪೂರ್ಣಾವಧಿ ಕೆಲಸ,” ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಕೆಟ್ಟದೆನಿಸಿತು.

ಶುಶ್ರೂಷಾ ಕಾಲೇಜಿಗೆ ಅಕ್ಕ ರಜೆಯಲ್ಲಿದ್ದ ದಿನ ನೋಡಿಕೊಂಡು ಹೋದಳು. ಅಲ್ಲಿ ಬಾಗಿಲಿನಿಂದ ಬಾಗಿಲಿಗೆ ಹೆಂಗಸರೇ. ಲೆಕ್ಕ ಸುಲಭವಾಗಿತ್ತು.

ವಿಭಾಗವಾರು ಅಂಕಗಳನ್ನು ಅವಳು ಸಮಿತಿಯ ಮುಂದಿಟ್ಟಾಗ ಕೋಣೆಯಲ್ಲಿ ಕೆಮ್ಮೂ ಇರಲಿಲ್ಲ. ಯಂತ್ರಶಾಸ್ತ್ರ ಸೊನ್ನೆ. ಶುಶ್ರೂಷೆ ಸೊನ್ನೆ. ಭೌತಶಾಸ್ತ್ರ ಸೊನ್ನೆಗೆ ಒರಗಿಕೊಂಡು ನಿಂತಿತ್ತು. ಸಾಹೇಬರು ಕನ್ನಡಕವನ್ನು ಹಣೆಗೇರಿಸಿದರು.

“ತಾತ್ವಿಕವಾಗಿ ನೋಡಿದರೆ, ಇಷ್ಟು ಸಣ್ಣ ಸಣ್ಣದಾಗಿ ಕತ್ತರಿಸಿ ನೋಡೋದೇ ತಪ್ಪು. ಎಲ್ಲಾ ಒಟ್ಟು ಮಾಡಿ.” ಅವರೇ ಪೆನ್ನು ತೆಗೆದುಕೊಂಡರು. ಯಂತ್ರಶಾಸ್ತ್ರದ ಗಂಡಸರನ್ನೂ ಶುಶ್ರೂಷೆಯ ಹೆಂಗಸರನ್ನೂ ಉಳಿದವರೆಲ್ಲರನ್ನೂ ಒಂದೇ ಚೀಲಕ್ಕೆ ಸುರಿದ ಹಾಗೆ ಕೂಡಿದರು. ಅರ್ಧ ಗಂಡಸರು, ಅರ್ಧ ಹೆಂಗಸರು. “ನೋಡಿ! ವೈವಿಧ್ಯ ಹೆಚ್ಚೂಕಡಿಮೆ ನೂರಕ್ಕೆ ನೂರು. ಇದು ಇಡೀ ವಿಶ್ವವಿದ್ಯಾಲಯದ ಅಂಕ. ತಂಡಕ್ಕೆ ಇದೊಂದೇ ಸಾಕು.”

“ಸೊನ್ನೆಗೆ ಸೊನ್ನೆ ಕೂಡಿದ್ರೆ ನೂರು ಬರೋದು ಯಾವ ಶಾಲೇಲಿ ಸಾರ್?”

“ಸಂಖ್ಯಾಶಾಸ್ತ್ರದಲ್ಲಿ ಬರುತ್ತಮ್ಮ.”

ಬರುತ್ತಿತ್ತು, ನಿಜ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಅವಳಿಗೆ ಉರಿ ಹತ್ತಿಸಿದ್ದೇ ಅದು. ಸುಳ್ಳು ಲೆಕ್ಕವಾಗಿದ್ದರೆ ಹಿಡಿದು ತೋರಿಸಬಹುದಿತ್ತು. ಇದು ಸರಿಯಾದ ಲೆಕ್ಕದಿಂದ ಕಣ್ಣಿಗೆ ಮಣ್ಣೆರಚುವ ಕೆಲಸ.

“ಸಾರ್, ಹೊಲದ ಈ ಮೂಲೆ ತುಂಬ ಬರೀ ಒಂದು ಗಿಡ, ಆ ಮೂಲೆ ತುಂಬ ಬರೀ ಇನ್ನೊಂದು ಗಿಡ ಅಂತಿಟ್ಕೊಳ್ಳಿ. ಇಡೀ ಹೊಲಕ್ಕೆ ಬೇಲಿ ಸುತ್ತಿ ನೋಡಿದ್ರೆ ಎರಡೂ ಇವೆ. ಆದ್ರೆ ಯಾವ ಗಿಡಾನೂ ತನ್ನ ಪಕ್ಕ ತನ್ನಂಥದ್ದನ್ನ ಬಿಟ್ಟು ಬೇರೇದನ್ನ ನೋಡೇ ಇಲ್ಲ. ಅದಕ್ಕೇ ನಮ್ಮ ಚೌಕಟ್ಟು ಚಿಕ್ಕದಾಗಿರೋದು.”

“ಇವರು ಗಿಡಗಳಲ್ಲಮ್ಮ, ಪ್ರಾಧ್ಯಾಪಕರು.”

“ಗಿಡಗಳಾಗಿದ್ರೆ ಇನ್ನೂ ವಾಸಿ ಇತ್ತು. ಗಾಳಿಗಾದ್ರೂ ಬೀಜ ಆ ಕಡೆ ಈ ಕಡೆ ಹಾರ್ತಿತ್ತು.”

ಆರು ಜನರಲ್ಲಿ ಒಬ್ಬರಿಗೆ ನಗು ಬಂದು, ಅದನ್ನು ಕೆಮ್ಮಾಗಿ ತಿರುಗಿಸಿಕೊಂಡರು. ಸಾಹೇಬರು ಮಾತ್ರ ನಗಲಿಲ್ಲ. ದನಿ ತಗ್ಗಿಸಿ, ತುಂಬ ಅಕ್ಕರೆಯಿಂದ ಹೇಳಿದರು. “ಆ ವಿಭಾಗವಾರು ಅಧ್ಯಾಯ ಕಳೆದುಬಿಡಿ. ಸಹಿ ಹಾಕಿ. ನಿಮ್ಮ ಕಡತ ಮೇಲೇಳುತ್ತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು.”

“ಕಳೆ ಎಣಿಸೋದು ನನ್ನ ಕೆಲಸ ಸಾರ್, ಕಳೆಯೋದಲ್ಲ,” ಎಂದು ಅವಳು ಎದ್ದು ಬಂದಳು. ಒಳ್ಳೆಯ ಮಾತು ಆಡಿದೆನೆಂಬ ಖುಷಿ ಮೆಟ್ಟಿಲ ತನಕವೂ ಉಳಿಯಲಿಲ್ಲ. ಆ ವರ್ಷ ಬಿತ್ತಿದ ಬೀಜಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು. ಒಂದು ಸಹಿ ಹಾಕಿದರೆ ಅವು ಬದುಕುತ್ತಿದ್ದವು.

ಭಾನುವಾರ ಅಕ್ಕ ಅಮ್ಮನನ್ನು ನೋಡಲು ಬಂದಳು. ಬಂದವಳು ಚಪ್ಪಲಿ ಬಿಡುವಷ್ಟು ತಾಳ್ಮೆಯನ್ನೂ ತೋರಿಸಲಿಲ್ಲ. ವಿಷಯ ಹೇಗೋ ಅವಳ ಕಿವಿಗೆ ಬಿದ್ದಿತ್ತು.

“ಏನೇ ಪುಟ್ಟಿ, ನನ್ನ ಕಾಲೇಜಿಗೆ ಸೊನ್ನೆ ಕೊಟ್ಟಿದ್ದೀಯಂತೆ? ಅದೂ ನಾನಿಲ್ಲದ ದಿನ ಕಳ್ಳಿ ಹಾಗೆ ಬಂದು? ನಿದ್ದೆಗೆಟ್ಟು, ಹೊಟ್ಟೆಬಟ್ಟೆ ಕಟ್ಟಿ ಕಟ್ಟಿದ ಕಾಲೇಜು ಕಣೇ ಅದು. ಬಾಗಿಲಿಗೆ ಬಂದ ಹುಡುಗೀನ ಒಬ್ಬಳನ್ನೂ ವಾಪಸ್ ಕಳಿಸಿಲ್ಲ. ಹೆಂಗಸರೇ ತುಂಬಿರೋ ಜಾಗಕ್ಕೆ ಹೆಂಗಸಾಗಿ ನೀನು ಸೊನ್ನೆ ಹಾಕ್ತೀಯಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?”

“ಅಕ್ಕ, ಅದು ಪರೀಕ್ಷೆ ಅಂಕ ಅಲ್ಲ...”

“ಸೊನ್ನೆ ಅಂದ್ರೆ ಸೊನ್ನೆ. ಅದಕ್ಕೆ ಬಣ್ಣ ಬಳೀಬೇಡ.”

ಅಮ್ಮ ಅಡುಗೆಮನೆಯಲ್ಲಿ ಡಬ್ಬಗಳನ್ನು ಒರೆಸುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳಿಗೆ ಎಲ್ಲವೂ ಜಾಗದ ಲೆಕ್ಕವೇ, ಯಾರಾದರೂ ಡಬ್ಬ ಅದಲುಬದಲು ಮಾಡಿದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದಳು. ಅಲ್ಲಿಂದಲೇ ಕೇಳಿದಳು. “ಅಲ್ವೇ, ಆ ನಿನ್ನ ಸಾಹೇಬ ಏನಂತಾನೆ?”

ಚಿಕ್ಕವಳು ಹೇಳಿದಳು. ಎಲ್ಲ ಒಟ್ಟು ಮಾಡಿದರೆ ನೂರು ಎಂಬುದನ್ನೂ, ಸಹಿ ಹಾಕಿದರೆ ಕಾಯಂ ಎಂಬುದನ್ನೂ ಹೇಳಿದಳು.

“ಉಪ್ಪಿನ ಡಬ್ಬ ಈ ಗೂಡಲ್ಲಿ, ಸಕ್ಕರೆ ಡಬ್ಬ ಆ ಗೂಡಲ್ಲಿ,” ಎಂದಳು ಅಮ್ಮ. “ಮುಚ್ಚಳ ಬಿಗಿಯಾಗಿ ಹಾಕಿದ್ದೀನಿ. ಅದನ್ನ ಬೆರೆತಿದೆ ಅಂತಾನಾ ಅವನು? ಅವನಿಗೆ ಅದೇ ಲೆಕ್ಕದಲ್ಲಿ ಒಂದು ಲೋಟ ಚಹಾ ಮಾಡ್ಕೊಡ್ತೀನಿ, ಕರ್ಕೊಂಡು ಬಾ.”

ಅಕ್ಕನಿಗೆ ನಗು ಬರಲಿಲ್ಲ. ಚಪ್ಪಲಿ ಬಿಟ್ಟು ಬಂದು ಕುಳಿತಳು. ಅವಳ ಕಣ್ಣು ಮೂಲೆಯಲ್ಲಿದ್ದ ಅಮ್ಮನ ಹೊಲಿಗೆ ಯಂತ್ರದ ಕಡೆ ಹೋಯಿತು. ಚಿಕ್ಕಂದಿನಲ್ಲಿ ಆ ಯಂತ್ರವನ್ನು ಪೂರ್ತಿ ಬಿಚ್ಚಿ, ಹಳೆಯ ಸೀರೆಯ ಮೇಲೆ ಸಾಲಾಗಿ ಜೋಡಿಸಿ, ಒಂದು ತಿರುಪೂ ಮಿಗದ ಹಾಗೆ ಮತ್ತೆ ಕೂಡಿಸುತ್ತಿದ್ದವಳು ಅಕ್ಕ. ಓಣಿಯ ಫ್ಯಾನು, ಸೈಕಲ್ಲು, ಗಡಿಯಾರ ಎಲ್ಲ ಅವಳ ಕೈಗೆ ಬರುತ್ತಿದ್ದವು. ಯಂತ್ರಶಾಸ್ತ್ರಕ್ಕೆ ಸೇರುತ್ತೇನೆ ಎಂದಾಗ ದೊಡ್ಡಪ್ಪ ಒಂದೇ ಮಾತಲ್ಲಿ ಮುಗಿಸಿದ್ದರು. “ಕೈಗೆಲ್ಲ ಎಣ್ಣೆ ಮೆತ್ಕೊಂಡ ಹುಡುಗೀನ ಯಾರು ಮಾಡ್ಕೊಳ್ತಾರೆ? ನರ್ಸಿಂಗಿಗೆ ಹಾಕಿ. ಹೆಣ್ಣಿಗೆ ಸೇವೆ ಒಪ್ಪುತ್ತೆ.” ಯಂತ್ರಶಾಸ್ತ್ರ ಕಾಲೇಜಿನ ಗುಮಾಸ್ತನೂ ಅರ್ಜಿ ಕೊಡುವಾಗ ಅದನ್ನೇ ಬೇರೆ ಮಾತಲ್ಲಿ ಹೇಳಿದ್ದ. ಚಿಕ್ಕವಳ ಸರದಿ ಬರುವ ಹೊತ್ತಿಗೆ ದೊಡ್ಡಪ್ಪನಿಗೆ ಸಾಕಾಗಿತ್ತು. “ಹುಲ್ಲು ಕೀಳೋಕೂ ಓದ್ಬೇಕಾ? ಓದ್ಲಿ ಬಿಡಿ,” ಎಂದು ಕೈತೊಳೆದುಕೊಂಡಿದ್ದರು. ಒಬ್ಬಳು ಹೋಗಬೇಕಾದ ಕಡೆ ಹೋಗಲಿಲ್ಲ, ಇನ್ನೊಬ್ಬಳು ಹೋದದ್ದು ಯಾರಿಗೂ ಅದು ದೊಡ್ಡದೆನಿಸದ ಕಾರಣಕ್ಕೆ.

“ಆ ಸೊನ್ನೆ ನಿನಗಲ್ಲ ಅಕ್ಕ,” ಎಂದಳು ಅವಳು. “ನಿನ್ನನ್ನ ಅಲ್ಲಿಗೆ ಕಳಿಸಿದೋರಿಗೆ. ಮೋಟಾರು ತುಂಬಿದ ಶೌಚಾಲಯ ನೋಡ್ದೆ ಕಣೇ. ಆ ಸುಟ್ಟ ಮೋಟಾರುಗಳನ್ನ ಒಂದು ವಾರದಲ್ಲಿ ರಿಪೇರಿ ಮಾಡಿ ಜಾಗ ಖಾಲಿ ಮಾಡೋಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತು. ಅವಳು ಇನ್ನೊಂದು ಕಟ್ಟಡದಲ್ಲಿ ಜ್ವರ ನೋಡೋದು ಹೇಗೆ ಅಂತ ಪಾಠ ಮಾಡ್ತಿದ್ದಾಳೆ.”

ಅಕ್ಕನ ಮುಖ ಕೆಂಪಾಯಿತು. “ನನ್ನ ಪಾಠ ನಿನ್ನ ಕಣ್ಣಿಗೆ ಚಿಕ್ಕದಾ?” ಎಂದಳು.

“ಅಲ್ಲ. ಅದು ಅಷ್ಟು ದೊಡ್ಡದಾಗಿದ್ರೆ ಗಂಡಸರು ಯಾಕೆ ಬರ್ತಿಲ್ಲ ಅಂತ ನಾನು ಕೇಳ್ತಿರೋದು.”

ಅಕ್ಕ ಚಹಾ ಕುಡಿಯದೆ ಹೊರಟಳು. ಬಾಗಿಲಲ್ಲಿ ನಿಂತು, “ಸಹಿ ಹಾಕು. ಕಾಯಂ ಆಗು. ನಿನ್ನಿಂದ ಲೋಕ ನೆಟ್ಟಗಾಗಲ್ಲ,” ಎಂದು ಮಾತ್ರ ಹೇಳಿದಳು. ಅದು ಕೋಪವೋ ಕಾಳಜಿಯೋ ಚಿಕ್ಕವಳಿಗೆ ಗೊತ್ತಾಗಲಿಲ್ಲ, ಎರಡೂ ಇದ್ದೀತು. ಅವಳಿಗೆ ಅಳು ಬಂತು. ಜೊತೆಗೆ ಮೊಂಡು ಹಟವೂ ಬಂತು.

ತಂಡ ಬರುವ ದಿನ ದೊಡ್ಡ ಸಭಾಂಗಣ ತುಂಬಿತ್ತು. ಸಾಹೇಬರು ಕುರ್ಚಿಗಳನ್ನು ತಾವೇ ನಿಂತು ಹೊಂದಿಸಿದ್ದರು. ಒಂದು ಗಂಡಸು, ಒಂದು ಹೆಂಗಸು, ಮತ್ತೆ ಒಂದು ಗಂಡಸು, ಒಂದು ಹೆಂಗಸು. ವೇದಿಕೆಯಿಂದ ನೋಡಿದರೆ ಹಾರ ಕಟ್ಟಿದ ಹಾಗೆ ಕಾಣಬೇಕೆಂದು ಅವರ ಆಸೆ, ಕಾಣುತ್ತಲೂ ಇತ್ತು. ಯಂತ್ರಶಾಸ್ತ್ರದ ಮುಖ್ಯಸ್ಥರು ಗುರುತಿಲ್ಲದ ಇಬ್ಬರು ಶುಶ್ರೂಷೆಯ ಮೇಡಂಗಳ ನಡುವೆ ಮೊಣಕೈ ಎಲ್ಲಿಡುವುದೆಂದು ತಿಳಿಯದೆ ಬೆವರುತ್ತಿದ್ದರು. ಭೌತಶಾಸ್ತ್ರದ ಮೇಡಂಗೆ ಮಾತ್ರ ಹೊಸದೇನೂ ಅಲ್ಲ, ಎಡಕ್ಕೂ ಬಲಕ್ಕೂ ಗಂಡಸರೇ.

ಸ್ವಾಗತ ಒಬ್ಬರು, ಪರಿಚಯ ಒಬ್ಬರು, ವರದಿ ಮಂಡನೆ ಸಾಹೇಬರು. ಕೊನೆಯ ವಂದನಾರ್ಪಣೆ ಮಾತ್ರ ಕಳೆ ಮೇಡಂಗೆ. ವಂದನೆ ಹೇಳುವ ಕೆಲಸ ಯಾವತ್ತೂ ಹೆಂಗಸರದು, ಅದರ ಬಗ್ಗೆಯೂ ಯಾರಾದರೂ ಸಂಶೋಧನೆ ಮಾಡಬೇಕು. ವಿಭಾಗವಾರು ಅಧ್ಯಾಯವನ್ನು ಸಾಹೇಬರೇ ಕಳೆದಿದ್ದರು, ಅವರ ಹಿಂದಿನ ಪರದೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ನೂರರ ಹತ್ತಿರದ ಅಂಕ ಮಿನುಗುತ್ತಿತ್ತು. ತಂಡದ ಹಿರಿಯರು, ಕಡಿಮೆ ಮಾತಿನ ಮುದುಕರು, ವರದಿಯ ಕೊನೆಯ ಪುಟ ತಿರುವಿ ನೋಡಿದರು.

“ಒಂದು ಸಹಿ ಬಾಕಿ ಇದೆಯಲ್ಲ?”

“ಹಾಕ್ತಾರೆ ಸಾರ್, ವಂದನಾರ್ಪಣೆ ಮುಗಿಸಿ ಹಾಕ್ತಾರೆ,” ಎಂದರು ಸಾಹೇಬರು. ಅವಳು ಮೈಕಿನ ಕಡೆ ಹೋಗುವಾಗ ಕಿವಿಯ ಹತ್ತಿರ ಬಾಗಿ, “ಕಡತ ತಂದಿದ್ದೀನಮ್ಮ, ಚೀಲದಲ್ಲೇ ಇದೆ,” ಎಂದರು. ನಿಜಕ್ಕೂ ಪ್ರೀತಿಯಿಂದಲೇ ಹೇಳಿದರು. ಕೆಟ್ಟವರಲ್ಲ ಅವರು. ಒಂಟಿ ಒಂಟಿ ಸಂಖ್ಯೆಯನ್ನು ನೋಡಲಾರದಷ್ಟು ಸರಾಸರಿಗೆ ಒಗ್ಗಿಹೋಗಿದ್ದರು.

ಅವಳು ಮೈಕಿನ ಮುಂದೆ ನಿಂತಳು. ಭಯವಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

“ವಂದನೆ ಹೇಳೋಕೆ ಮುಂಚೆ ಎಲ್ಲರಲ್ಲೂ ಒಂದು ಸಣ್ಣ ಕೋರಿಕೆ,” ಎಂದಳು. “ಬೆಳಗ್ಗೆಯಿಂದ ಗುರುತಿಲ್ಲದವರ ಪಕ್ಕ ಕೂತು ನಿಮಗೂ ಬೇಜಾರಾಗಿರುತ್ತೆ. ದಯವಿಟ್ಟು ಎದ್ದು ನಿಮ್ಮ ನಿಮ್ಮ ವಿಭಾಗದವರ ಜೊತೆ ಹೋಗಿ ಕೂತ್ಕೊಳ್ಳಿ. ಯಂತ್ರಶಾಸ್ತ್ರ ಈ ಕೊನೆಗೆ, ಪಕ್ಕ ಭೌತಶಾಸ್ತ್ರ. ಶುಶ್ರೂಷೆ ಆ ಕೊನೆಗೆ. ಉಳಿದವರು ನಡುವೆ. ದಿನಾ ಕೂರೋ ಹಾಗೆ, ಅಷ್ಟೇ.”

ಯಾರೂ ಅಲುಗಾಡಲಿಲ್ಲ. ಸಾಹೇಬರು ನಗುತ್ತಾ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ನಡುಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಎದ್ದವಳು ಅಕ್ಕ. ಚೀಲ ಹೆಗಲಿಗೆ ಹಾಕಿಕೊಂಡು, ಸಾಲಿನಲ್ಲಿದ್ದ ಗಂಡಸರ ಮೊಣಕಾಲು ದಾಟಿ, ತಂಗಿಯ ಕಡೆ ಒಂದು ಸಲವೂ ನೋಡದೆ, ಸಭಾಂಗಣದ ಉದ್ದಕ್ಕೂ ನಡೆದು ಹೋಗಿ ಆ ಕೊನೆಯ ಖಾಲಿ ಸಾಲಿನಲ್ಲಿ ಒಬ್ಬಳೇ ಕುಳಿತಳು. ಅವಳ ಹಿಂದೆ ಅವಳ ಸಹೋದ್ಯೋಗಿಗಳು ಎದ್ದರು. ಮೊಣಕೈಗೆ ಜಾಗ ಸಿಕ್ಕ ಖುಷಿಯಲ್ಲಿ ಯಂತ್ರಶಾಸ್ತ್ರದ ಮುಖ್ಯಸ್ಥರು ಎದ್ದರು. “ಅಬ್ಬಾ, ಬಾರಯ್ಯ ಈ ಕಡೆ,” ಎಂದು ತಮ್ಮವರನ್ನು ಕೂಗಿ ಕರೆದರು. ಆಮೇಲೆ ಇಡೀ ಸಭಾಂಗಣವೇ ಎದ್ದಿತು. ಕುರ್ಚಿಗಳ ಸದ್ದು, ಕ್ಷಮಿಸಿ ಕ್ಷಮಿಸಿ ಎಂಬ ಸದ್ದು, ಸ್ನೇಹಿತರು ಸಿಕ್ಕಿದ ನಗು. ಯಾರಿಗೂ ತಾವು ಏನು ಮಾಡುತ್ತಿದ್ದೇವೆ ಎಂಬ ಪರಿವೆಯೇ ಇರಲಿಲ್ಲ.

ಕುಳಿತ ಮೇಲೆ ಕಂಡಿತು.

ಸಭಾಂಗಣ ಎರಡು ಹೋಳಾಗಿತ್ತು. ಈ ಕೊನೆಯಲ್ಲಿ ಗಂಡಸರು, ಕಣ್ಣು ಹಾಯಿಸಿದಷ್ಟೂ ಗಂಡಸರು. ಆ ಕೊನೆಯಲ್ಲಿ ಹೆಂಗಸರು. ಸಂಗೀತ ವಿಭಾಗದ ನಡುವೆ ತನ್ನಷ್ಟಕ್ಕೇ ಒಂದು ದಾರಿ ಬಿದ್ದಿತ್ತು, ಈಚೆ ಬಾರಿಸುವವರು, ಆಚೆ ಹಾಡುವವರು. ಗಂಡಸರ ರಾಶಿಯ ನಡುವೆ ಭೌತಶಾಸ್ತ್ರದ ಮೇಡಂ ಒಬ್ಬಳೇ, ಕೈಕಟ್ಟಿಕೊಂಡು, ತಲೆಯೆತ್ತಿ ಕುಳಿತಿದ್ದಳು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಯಂತ್ರಶಾಸ್ತ್ರದ ಮುಖ್ಯಸ್ಥರು ತಮ್ಮ ಎಡಬಲ ಹಿಂದೆ ಮುಂದೆ ನೋಡಿ, ಮೊಣಕೈಗಳನ್ನು ಮತ್ತೆ ಒಳಕ್ಕೆಳೆದುಕೊಂಡರು. ಪರದೆಯ ಮೇಲೆ ನೂರರ ಹತ್ತಿರದ ಅಂಕ ಹಾಗೇ ಇತ್ತು.

“ದಯವಿಟ್ಟು ಎಲ್ಲರೂ ಮೊದಲಿನ ಜಾಗಕ್ಕೆ ಹೋಗಿ,” ಎಂದರು ಸಾಹೇಬರು. ಮೈಕು ಅವಳ ಮುಂದಿತ್ತು, ಅವರ ದನಿ ಅರ್ಧಕ್ಕೇ ಮುಟ್ಟಿತು. ಇನ್ನೊಮ್ಮೆ ಹೇಳಿದರು. “ಮೊದಲಿನ ಹಾಗೆ ಕೂತ್ಕೊಳ್ಳಿ!”

ಆ ಕೊನೆಯಿಂದ ಅಕ್ಕನ ದನಿ ಬಂತು. ತರಗತಿಯಲ್ಲಿ ಪಳಗಿದ ದನಿ, ಅದಕ್ಕೆ ಮೈಕು ಬೇಕಿರಲಿಲ್ಲ. “ನಮ್ಮ ಜಾಗಕ್ಕೇ ಬಂದಿದ್ದೀವಲ್ಲ ಸಾರ್. ನಿಮ್ಮಂಥವರೇ ತೋರಿಸಿದ ಜಾಗ.”

ಯಾರೂ ಏಳಲಿಲ್ಲ. ಹೆಂಗಸರು ಏಳಲಿಲ್ಲ, ಅದು ಹಟ. ಗಂಡಸರೂ ಏಳಲಿಲ್ಲ, ಕೆಲವರಿಗೆ ನಾಚಿಕೆ, ಕೆಲವರಿಗೆ ಕುತೂಹಲ, ಕೆಲವರಿಗೆ ಬರೀ ಸೋಮಾರಿತನ. ತಂಡದ ಹಿರಿಯರು ವರದಿಯನ್ನು ಮುಚ್ಚಿ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿಕೊಂಡು, ಸಭಾಂಗಣವನ್ನೇ ನೋಡುತ್ತಾ ಕುಳಿತರು.

ಸಾಹೇಬರು ಅವಳ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು. “ನೀವು ಕಾಯಂ ಆಗೋದು ಇನ್ನು ಕನಸಲ್ಲೂ ಇಲ್ಲ. ಗೊತ್ತಾಯ್ತಾ?” ಎಂದರು.

ಗೊತ್ತಾಯಿತು. ತಟ್ಟೆಗಳಲ್ಲಿ ಕಣ್ಣು ಬಿಟ್ಟ ಸಸಿಗಳು ನೆನಪಾದವು.

“ಗೊತ್ತಾಯ್ತು ಸಾರ್,” ಎಂದು ಮೈಕಿನಿಂದ ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು. “ಈಗ ಬನ್ನಿ, ಎಣಿಸಿ.”